ರೈಜೋಬಿಯಂ ಗೊಬ್ಬರದ ಪರೀಕ್ಷೆ: ತಟ್ಟೆಯ ಸಾಕ್ಷ್ಯವೊಂದೇ ಸಾಲದು

ದ್ವಿದಳ ಧಾನ್ಯಗಳ ಬಿತ್ತನೆ ಬೀಜಕ್ಕೆ ಹಚ್ಚುವ ರೈಜೋಬಿಯಂ ಗೊಬ್ಬರವು ನೋಡುವುದಕ್ಕೆ ಬರಿಯ ಕಪ್ಪು ಪುಡಿ. ಅದರಲ್ಲಿ ಜೀವವುಂಟೋ ಇಲ್ಲವೋ ಎಂಬುದನ್ನು ಕೊಳ್ಳುವ ರೈತನು ಕಣ್ಣಿನಿಂದ ಅರಿಯಲಾರನು. ಅವನ ಪರವಾಗಿ ನೋಡತಕ್ಕದ್ದು ಪ್ರಯೋಗಶಾಲೆ. ಆದಕಾರಣ ಅಲ್ಲಿ ಅಣುಜೀವಿಗಳನ್ನು ಬೆಳೆಸಿ ಎಣಿಸುವ ಕ್ರಮವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ರೈತನ ಹಣದ ಪ್ರಶ್ನೆಯೇ ಆಗಿರುತ್ತದೆ.

1901ರಲ್ಲಿ ಹಾಲೆಂಡ್ ದೇಶದ ಬೈಜೆರಿಂಕರು ಸಾರಜನಕವನ್ನೇ ಸೇರಿಸದ ಆಹಾರ ಮಾಧ್ಯಮದಲ್ಲಿ, ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ಅಜೋಟೋಬ್ಯಾಕ್ಟರನ್ನು ಬೆಳೆಸಿ ತೋರಿಸಿದರು. ಇತರ ಜೀವಿಗಳಿಗೆ ಅಲ್ಲಿ ಊಟವಿಲ್ಲ. ಆಯ್ಕೆಯ ಮಾಧ್ಯಮದ ತತ್ತ್ವವೇ ಇದು. ರೈಜೋಬಿಯಂ ವಿಷಯದಲ್ಲಿ ಈ ಉಪಾಯ ಸಾಗದು. ಅದು ಸಾಮಾನ್ಯವಾಗಿ ಬೇರುಗಂಟಿನೊಳಗಲ್ಲದೆ ಹೊರಗೆ ಸಾರಜನಕವನ್ನು ಹಿಡಿಯುವುದಿಲ್ಲ.

ಆದುದರಿಂದ ಬೇರೊಂದು ಮಾಧ್ಯಮವು ರೂಢಿಯಲ್ಲಿದೆ. 1 ಲೀಟರ್ ನೀರಿಗೆ 10 ಗ್ರಾಂ ಮ್ಯಾನಿಟಾಲ್, ಸ್ವಲ್ಪ ಯೀಸ್ಟ್ ಸಾರ ಮತ್ತು ಲವಣಗಳು, ಸುಮಾರು 15 ಗ್ರಾಂ ಅಗರ್, ಇವುಗಳೊಡನೆ 25 ಮಿಲಿಗ್ರಾಂ ಕಾಂಗೋ ರೆಡ್ ಬಣ್ಣ. ರೈಜೋಬಿಯಂ ಈ ಬಣ್ಣವನ್ನು ಹೆಚ್ಚು ಹೀರದೆ ಬಿಳುಪಾಗಿ ಬೆಳೆಯುತ್ತದೆ. ಇತರ ಅನೇಕ ಜೀವಿಗಳು ಕೆಂಪಾಗುತ್ತವೆ. ತಟ್ಟೆಗಳನ್ನು ಕತ್ತಲಲ್ಲಿಡತಕ್ಕದ್ದು, ಬೆಳಕು ಬಿದ್ದರೆ ರೈಜೋಬಿಯಮ್ಮೂ ಬಣ್ಣ ಹೀರುವುದುಂಟು. ಕಡಲೆಕಾಯಿ, ಅಲಸಂದೆಗಳ ಜಾತಿಯು ನಿಧಾನವಾಗಿ ಬೆಳೆಯುವುದರಿಂದ 5ರಿಂದ 7 ದಿನ, ಕೆಲವು ವೇಳೆ ಇನ್ನೂ ಹೆಚ್ಚು ಕಾಯಬೇಕು. ಮೂರನೆಯ ದಿನವೇ ಎಣಿಸಿ ಮುಗಿಸುವ ಅವಸರಗಾರನಿಗೆ ಬೇರೆ ಜೀವಿಗಳೇ ಕಂಡಾವು.

ಈ ಬಣ್ಣವು ಗುರುತು ಹಚ್ಚಲು ನೆರವಾಗುವುದೇ ಹೊರತು ಬೇರೆ ಜೀವಿಗಳನ್ನು ತಡೆಯುವುದಿಲ್ಲ. ಗಿಡಗಳಿಗೆ ಗಡ್ಡೆರೋಗ ತರುವ ಅಗ್ರೋಬ್ಯಾಕ್ಟೀರಿಯಂ ಸಹ ಅಲ್ಲಿ ಬಿಳುಪಾಗಿಯೇ ಬೆಳೆಯುವುದುಂಟು. ಬಿಳುಪಾದುದೆಲ್ಲ ಹಾಲಾದೀತೆ?

1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ ಜೈವಿಕ ಗೊಬ್ಬರಗಳನ್ನು 2006ರಲ್ಲಿ ತರಲಾಯಿತು. ಅದರಲ್ಲಿ ಪುಡಿಯ ರೂಪದ ರೈಜೋಬಿಯಂ ಗೊಬ್ಬರಕ್ಕೆ ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ ಜೀವಕೋಶಗಳೆಂದು ಗೊತ್ತುಪಡಿಸಿದೆ. ಹೇಳಿದ ಬೆಳೆಯಲ್ಲಿ ಫಲಕಾರಿಯಾದ ಬೇರುಗಂಟು ಬರಬೇಕೆಂದೂ ವಿಧಿಸಿದೆ. ಎಣಿಕೆಗೆ ಒಂದು ವಾರ ಸಾಕು, ಗಿಡದ ಪರೀಕ್ಷೆಗೆ ಹಲವು ವಾರಗಳು ಬೇಕು. ಮುಂಗಾರಿನ ಒತ್ತಡದಲ್ಲಿ ಎರಡನೆಯದನ್ನು ಮುಂದೂಡುವ ಆಸೆ ಸಹಜ. ಆದರೆ ಬೆಳೆಗೆ ಒದಗತಕ್ಕದ್ದು ಎರಡನೆಯ ಗುಣವೇ.

ಪ್ರತಿಯೊಂದು ತಂಡದ ಸರಕನ್ನೂ ಗಿಡದ ಮೇಲೆ ಪರೀಕ್ಷಿಸುವುದು ವೆಚ್ಚದ ಕೆಲಸವೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ನಮ್ಮ ಅಭಿಪ್ರಾಯದಲ್ಲಿ, ಬಿತ್ತನೆಯ ಕಾಲಕ್ಕೆ ಮೂರು ನಾಲ್ಕು ತಿಂಗಳು ಮೊದಲೇ ಮೂಲ ತಳಿಯನ್ನಾದರೂ ತಪ್ಪದೆ ಪರೀಕ್ಷಿಸತಕ್ಕದ್ದು. ಕ್ರಿಮಿಶುದ್ಧ ಮಾಡಿದ ಮರಳಿನ ಕುಂಡಗಳಲ್ಲಿ ಸಾರಜನಕವಿಲ್ಲದ ಪೋಷಕ ದ್ರವವನ್ನು ಹಾಕಿ, ತಳಿ ಹಚ್ಚಿದ ಬೀಜವನ್ನೂ ಹಚ್ಚದ ಬೀಜವನ್ನೂ ಬೆಳೆಸಿದರೆ ವ್ಯತ್ಯಾಸವು ಎಲೆಯ ಬಣ್ಣದಲ್ಲಿಯೇ ತೋರುವುದು. ಗಂಟನ್ನು ಸೀಳಿದರೆ ಒಳಗೆ ಕೆಂಪು ಕಾಣುವುದು. ಸೊಕ್ಕಿನ ಮನೆಯೊಡತಿಯಂತೆ ಗಿಡವು ತನಗೆ ಒಪ್ಪಿದ ರೈಜೋಬಿಯಮ್ಮನ್ನು ಮಾತ್ರ ಬೇರಿನೊಳಗೆ ಬಿಟ್ಟುಕೊಳ್ಳುತ್ತದೆ; ಅಷ್ಟು ಕಟ್ಟುನಿಟ್ಟಾದ ಮಾಧ್ಯಮವನ್ನು ಯಾವ ಸೀಸೆಯಲ್ಲಿಯೂ ಕಾಣೆವು. ಈ ಪರೀಕ್ಷೆ ನಡೆದ ತಿಂಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವುದೂ ಯುಕ್ತ.

ರೈತರಾದರೂ ಹೊಲದಲ್ಲಿ ನಾಲ್ಕು ಸಾಲುಗಳಿಗೆ ಗೊಬ್ಬರ ಹಚ್ಚದ ಬೀಜವನ್ನು ಬಿತ್ತಿ, ಹೂ ಬರುವ ಹೊತ್ತಿಗೆ ಎರಡು ಕಡೆಯ ಗಿಡಗಳನ್ನೂ ಬೇರುಸಹಿತ ಮೆಲ್ಲಗೆ ಅಗೆದು ಹೋಲಿಸಿ ನೋಡಬಹುದು.