ಕುಬೂಲ್ ಎಂಬುದು ಎರಡು ಬಾಯಿಯ ಮಾತು

ನಮ್ಮ ಬಗ್ಗೆ ಕೆಟ್ಟದ್ದನ್ನು ಮಾತಾಡುವವರಿಗೆ ಉತ್ತರ ಹೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಒಳ್ಳೆಯದನ್ನು ಮಾತಾಡುವವರ ಮುಂದೆ ಮಾತ್ರ ನಾವು ತಬ್ಬಿಬ್ಬಾಗುತ್ತೇವೆ. "ನೋಡಿ, ನೀವೂ ನಮ್ಮಂತೆಯೇ ಮನುಷ್ಯರು ಎಂದು ಎಷ್ಟು ಚೆನ್ನಾಗಿ ತೋರಿಸಿದ್ದಾರೆ!" ಎಂದು ಯಾರಾದರೂ ಪ್ರೀತಿಯಿಂದಲೇ ಹೇಳಿದಾಗ ನಕ್ಕು ತಲೆಯಾಡಿಸುತ್ತೇವೆ. ಒಳಗೆಲ್ಲೋ ಮುಳ್ಳು ಮುರಿಯುತ್ತದೆ. ಮನುಷ್ಯರು ಎಂದು ತೋರಿಸುವ ಅಗತ್ಯ ಯಾಕೆ ಬಂತು? ತೋರಿಸದೆ ಇದ್ದಿದ್ದರೆ ನಾವು ಏನಾಗಿದ್ದೆವು?

ಕೆನಡಾದ 'ಲಿಟಲ್ ಮಾಸ್ಕ್ ಆನ್ ದಿ ಪ್ರೇರಿ' ಎಂಬ ಹಾಸ್ಯ ಧಾರಾವಾಹಿಯನ್ನು ಹೊಗಳುವವರು ಇದೇ ಮಾತನ್ನು ಹೇಳುತ್ತಾರೆ. 2007ರ ಜನವರಿಯಲ್ಲಿ ಅಲ್ಲಿಯ ಸಿಬಿಸಿ ವಾಹಿನಿಯಲ್ಲಿ ಆರಂಭವಾದ ಇದು 2012ರವರೆಗೆ ಆರು ಸರಣಿಗಳಲ್ಲಿ, 91 ಕಂತುಗಳಲ್ಲಿ ಪ್ರಸಾರವಾಯಿತು. ಮೊದಲ ಕಂತನ್ನು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಇದನ್ನು ಸೃಷ್ಟಿಸಿದವರು ಪಾಕಿಸ್ತಾನಿ ಮೂಲದ ಜರ್ಕಾ ನವಾಜ್ ಎಂಬ ಮುಸ್ಲಿಮ್ ಮಹಿಳೆ. ಮರ್ಸಿ ಎಂಬ ಕಾಲ್ಪನಿಕ ಊರಿನ ಹಿಡಿಯಷ್ಟು ಮುಸ್ಲಿಮರು ಅಲ್ಲಿಯ ಚರ್ಚಿಗೆ ಸೇರಿದ ಸಭಾಭವನವನ್ನು ಬಾಡಿಗೆಗೆ ಹಿಡಿದು ಮಸೀದಿ ಮಾಡಿಕೊಳ್ಳುವುದು ಇದರ ಕಥೆ. ಇದನ್ನು 'ಸ್ವೀಕಾರದ ಕಥೆ', 'ಸೌಹಾರ್ದದ ಕಥೆ' ಎಂದು ಕರೆದರು. ನಮ್ಮ ತಕರಾರು ಧಾರಾವಾಹಿಯ ಮೇಲಲ್ಲ, ಈ ಹೊಗಳಿಕೆಯ ಮೇಲೆ.

ಸ್ವೀಕಾರ ಎಂದರೇನು? ಉರ್ದುವಿನಲ್ಲಿ ಎರಡು ಶಬ್ದಗಳಿವೆ. ಒಂದು ಬರ್ದಾಶ್ತ್, ಇನ್ನೊಂದು ಕುಬೂಲ್. ಬರ್ದಾಶ್ತ್ ಎಂದರೆ ಸಹಿಸಿಕೊಳ್ಳುವುದು. ಹಲ್ಲುನೋವನ್ನು, ಸೋರುವ ಮಾಡನ್ನು, ಗೊರಕೆ ಹೊಡೆಯುವ ಸಹಪ್ರಯಾಣಿಕನನ್ನು ಬರ್ದಾಶ್ತ್ ಮಾಡಿಕೊಳ್ಳುತ್ತೇವೆ. ಕುಬೂಲ್ ಹಾಗಲ್ಲ. ನಿಕಾಹ್‌ನಲ್ಲಿ ಗಂಡಿನ ಕಡೆಯಿಂದಷ್ಟೇ ಕುಬೂಲ್ ಬಂದರೆ ಮದುವೆ ಆಗುವುದಿಲ್ಲ, ಹೆಣ್ಣಿನ ಒಪ್ಪಿಗೆಯೂ ಬೇಕು. ಒಂದೇ ಬಾಯಿಂದ ಬಂದ ಕುಬೂಲ್ ಬರೀ ಶಬ್ದ. ನಮ್ಮ ದೇಶದ ಸೌಹಾರ್ದ ಸಭೆಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಈ ಒಂದು ಬಾಯಿಯ ಕುಬೂಲ್. ಒಬ್ಬರು ವೇದಿಕೆಯ ಮೇಲೆ ನಿಂತು ಒಪ್ಪಿಕೊಳ್ಳುತ್ತಾರೆ, ಇನ್ನೊಬ್ಬರು ಕೆಳಗೆ ಕೂತು ಒಪ್ಪಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಎಲ್ಲರಿಗೂ ಶೀರ್‌ಕುರ್ಮಾ.

ಮರ್ಸಿ ಊರಿನ ಕಥೆ ಇದಕ್ಕಿಂತ ಜಾಣತನದ್ದು. ಪಾದ್ರಿ ಮೆಗೀ ಮುಸ್ಲಿಮರಿಗೆ ಜಾಗ ಕೊಡುವುದು ಹೃದಯ ದೊಡ್ಡದಿದೆ ಎಂಬ ಒಂದೇ ಕಾರಣಕ್ಕಲ್ಲ. ಚರ್ಚಿಗೆ ಬರುವವರು ಕಡಿಮೆಯಾಗಿದ್ದಾರೆ, ಬಾಡಿಗೆ ಹಣ ಚರ್ಚಿಗೂ ಬೇಕು. ಇತ್ತ ಕಟ್ಟಡ ಕಂತ್ರಾಟುದಾರ ಯಾಸಿರ್ ಕೂಡ ಸಂತನೇನಲ್ಲ, ತನ್ನ ಕಚೇರಿಗೆಂದು ಹೇಳಿ ಜಾಗ ಹಿಡಿದವನು. ಇಬ್ಬರಿಗೂ ಒಬ್ಬರ ಹಂಗು ಇನ್ನೊಬ್ಬರಿಗಿದೆ. ಹಂಗು ಎರಡೂ ಕಡೆ ಇದ್ದಲ್ಲಿ ಮಾತ್ರ ನೆರೆಹೊರೆ ಹುಟ್ಟುತ್ತದೆ, ಒಂದೇ ಕಡೆ ಇದ್ದರೆ ಅದು ಖೈರಾತು. ನಮ್ಮ ಸಂತೆಗಳೂ ಜಾತ್ರೆಗಳೂ ಈ ಎರಡು ಕಡೆಯ ಹಂಗಿನ ಮೇಲೆಯೇ ನಿಂತಿದ್ದವು. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಗೊಡದೆ ಇದ್ದಾಗ ಕಡಿದುಹೋದದ್ದು ಬರೀ ವ್ಯಾಪಾರವಲ್ಲ, ಆ ಹಂಗು.

ಇನ್ನು ನಮ್ಮವರ ಕಡೆ ತಿರುಗೋಣ. ಮಸೀದಿ, ಇಮಾಮ್, ನಮಾಜು ಇವೆಲ್ಲ ನಗೆಯ ವಸ್ತುವೇ ಎಂದು ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟು: ಈ ಧಾರಾವಾಹಿ ದೀನನ್ನು ನಗೆಪಾಟಲು ಮಾಡಿಲ್ಲ, ದೀನಿನ ಹೆಸರಿನಲ್ಲಿ ನಾವು ಆಡುವ ಜಗಳಗಳನ್ನು ಮಾಡಿದೆ. ಎರಡನೆಯ ಕಂತನ್ನೇ ನೋಡಿ. ಮಸೀದಿಯಲ್ಲಿ ಹೆಂಗಸರ ಮುಂದೆ ಅಡ್ಡಗೋಡೆ ಬೇಕೇ ಬೇಡವೇ ಎಂಬ ತಕರಾರು. ಸಂಪ್ರದಾಯಸ್ಥ ಪ್ರೊಫೆಸರ್ ಬಾಬರ್‌ಗೆ ಅದು ಬೇಕು, ಹಿಜಾಬ್ ಧರಿಸುವ ವೈದ್ಯೆ ರಯ್ಯಾನ್‌ಗೆ ಬೇಡ. ಟೊರಾಂಟೊದಲ್ಲಿ ವಕೀಲಿಕೆ ಬಿಟ್ಟುಬಂದ ಯುವ ಇಮಾಮ್ ಅಮ್ಮಾರ್ ನಡುವೆ ಸಿಕ್ಕಿಬೀಳುತ್ತಾನೆ. ಈ ಪ್ರಶ್ನೆ ಜರ್ಕಾ ಅವರಿಗೆ ತಮಾಷೆಯದ್ದಲ್ಲ. 2005ರಲ್ಲಿಯೇ ಅವರು ಇದೇ ವಿಷಯದ ಮೇಲೆ 'ಮಿ ಆಂಡ್ ದ ಮಾಸ್ಕ್' ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ನಮ್ಮ ಕಡೆಯ ಬಹಳಷ್ಟು ಮಸೀದಿಗಳಲ್ಲಿ ಈ ಜಗಳ ಬರುವುದೇ ಇಲ್ಲ. ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲದ ಕಡೆ ಅಡ್ಡಗೋಡೆ ಎಲ್ಲಿಂದ ಬಂತು? ಅದನ್ನು ನೋಡಿ ಕೋಪಗೊಳ್ಳುವ ಮೊದಲು ನಾವು ಸ್ವಲ್ಪ ನಾಚಿಕೊಳ್ಳಬೇಕಿತ್ತು.

ತನ್ನ ಮನೆಯ ಜಗಳವನ್ನು ಬೇರೆಯವರ ಮುಂದೆ ಆಡಿ ನಗಬಲ್ಲವನೇ ನಿಜವಾಗಿ ಆ ಊರಿನವನು. ಬಾಡಿಗೆದಾರ ಮಾತ್ರ ಮಾಲೀಕನ ಮುಂದೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾನೆ. ಒಳ್ಳೆಯ ಮುಸ್ಲಿಮನಾಗಿ ಕಾಣಿಸಿಕೊಳ್ಳುವ ನಮ್ಮ ಆತುರದಲ್ಲಿ ಈ ಬಾಡಿಗೆದಾರನ ಭಯವಿದೆ.

ಹಾಗಾದರೆ ನಮ್ಮ ಕಿರುತೆರೆಯಲ್ಲಿ ನಾವೆಲ್ಲಿದ್ದೇವೆ? 1986ರಲ್ಲಿ ದೂರದರ್ಶನದಲ್ಲಿ ಬಂದ ಕುಂದನ್ ಶಾ ಮತ್ತು ಸಯೀದ್ ಮಿರ್ಜಾರ 'ನುಕ್ಕಡ್'ನಲ್ಲಿ ಹೋಟೆಲಿನ ಕಾದರ್‌ಭಾಯಿ ಇದ್ದ, ಕ್ಷೌರಿಕ ಕರೀಂ ಇದ್ದ. ಸಾಲ, ಹಸಿವು, ಪ್ರೀತಿ ಎಲ್ಲವೂ ಆ ಬೀದಿಯವರ ಹಾಗೆಯೇ ಅವರಿಗೂ ಇತ್ತು. ಅವರನ್ನು ಯಾರೂ ಸ್ವೀಕರಿಸಬೇಕಾಗಿರಲಿಲ್ಲ, ಅವರು ಅಲ್ಲಿದ್ದರು ಅಷ್ಟೆ. ನಂತರ ಕನ್ನಡದ ಹಾಸ್ಯ ದೃಶ್ಯಗಳಲ್ಲಿ ನಾವು ಮತ್ತೆ ಮತ್ತೆ ಕಂಡದ್ದೇನು? ಚೌಕಳಿ ಲುಂಗಿ, ಜಾಳಿಗೆ ಟೋಪಿ, 'ನಮ್ದೂಕೆ ನಿಮ್ದೂಕೆ' ಎಂಬ ಯಾವ ಮನೆಯಲ್ಲೂ ಇಲ್ಲದ ಕನ್ನಡ. ಕನ್ನಡದಲ್ಲಿ ಕಥೆ ಬರೆಯುವ ನಾವು ನಮ್ಮ ಭಾಷೆಯಲ್ಲೇ ತೊದಲುವವರಾಗಿ ಕಾಣಿಸಿಕೊಳ್ಳಬೇಕು! ಸಾಮಗ್ರಿ ಇಲ್ಲ ಎನ್ನುವಂತಿಲ್ಲ. ಬೊಳುವಾರರ ಮುತ್ತುಪ್ಪಾಡಿ ಇದೆ, ಸಾರಾ ಅಬೂಬಕ್ಕರ್ ತೆರೆದು ತೋರಿಸಿದ ಅಂಗಳವಿದೆ, ಬಾನು ಮುಷ್ತಾಕ್ ಅವರ ಕಥೆಗಳು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಿವೆ. ಕಥೆ ಲಂಡನ್ನಿನವರೆಗೆ ಹೋಗಿ ಬಂತು, ಕಿರುತೆರೆಯ ಹೊಸ್ತಿಲು ಮಾತ್ರ ಇನ್ನೂ ದಾಟಿಲ್ಲ.

ನಗೆಯಿಂದ ದ್ವೇಷ ಹೋಗುತ್ತದೆಯೇ ಎಂದು ಕೇಳಬಹುದು. ಹೋಗುವುದಿಲ್ಲ. ಇದೇ ಕೆನಡಾದ ಕ್ವಿಬೆಕ್ ನಗರದ ಮಸೀದಿಯಲ್ಲಿ 2017ರ ಜನವರಿ 29ರಂದು ನಮಾಜು ಮುಗಿಸಿದ ಆರು ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಆದರೆ ದ್ವೇಷಿಸುವವರಿಗೆ ನಗೆಯ ಭಯವಿದೆ ಎಂಬುದೂ ನಿಜ. 2011ರಲ್ಲಿ ಅಮೆರಿಕದ ಟಿಎಲ್‌ಸಿ ವಾಹಿನಿ ಡಿಯರ್‌ಬಾರ್ನ್ ಪ್ರದೇಶದ ಐದು ಮುಸ್ಲಿಮ್ ಕುಟುಂಬಗಳ ದಿನನಿತ್ಯದ ಬದುಕನ್ನು ತೋರಿಸಿತು. ಅದನ್ನು ವಿರೋಧಿಸಿದವರ ದೂರೇನು ಗೊತ್ತೆ? ಇದರಲ್ಲಿ ಸಾಮಾನ್ಯ ಜನರೇ ಕಾಣುತ್ತಾರೆ, ಉಗ್ರಗಾಮಿಗಳು ಕಾಣುವುದಿಲ್ಲ ಎಂದು! ಒಂದು ದೊಡ್ಡ ಕಂಪನಿ ತನ್ನ ಜಾಹೀರಾತನ್ನೂ ಹಿಂತೆಗೆದುಕೊಂಡಿತು. ಅಡುಗೆ ಮಾಡುವ, ಮಕ್ಕಳನ್ನು ಗದರಿಸುವ ಮುಸ್ಲಿಮನೇ ಅವರಿಗೆ ಎಲ್ಲರಿಗಿಂತ ಅಪಾಯಕಾರಿ.

ಆದ್ದರಿಂದ ನಮ್ಮನ್ನು ಸ್ವೀಕರಿಸುವ ಧಾರಾವಾಹಿ ನಮಗೆ ಬೇಡ. ನಮ್ಮ ಜಿಪುಣ ಚಾಚಾ, ಜಗಳಗಂಟಿ ಖಾಲಾ, ಚಂದ್ರ ಕಂಡನೋ ಇಲ್ಲವೋ ಎಂದು ರಾತ್ರಿಯಿಡೀ ವಾದಿಸುವ ಮಸೀದಿ ಕಮಿಟಿ, ಇವರೆಲ್ಲ ಸರಿಯಾದ ಕನ್ನಡದಲ್ಲಿ ತಪ್ಪು ಮಾಡುವ ಧಾರಾವಾಹಿ ಬೇಕು. ನೆರೆಮನೆಯವರು ಅದನ್ನು ನೋಡಿ "ಥೇಟ್ ನಮ್ಮ ಅತ್ತೆಯ ಹಾಗೆ" ಎನ್ನಲಿ. ಅವರ ಮನೆಯ ಕಥೆಗೆ ನಾವೂ ಹಾಗೆಯೇ ನಗುತ್ತೇವೆ. ಆ ದಿನ ಎರಡೂ ಬಾಯಿಂದ ಕುಬೂಲ್ ಬಂದಂತೆ.