ಉಲ್ಲೇಖಗಳ ಲೆಕ್ಕವೂ ಸಾತನೂರಿನ ರೈತನೂ

ಪ್ರತಿವರ್ಷವೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಐಯೊನಿಡಿಸ್‌ರವರೂ ಅವರ ಸಹಚರರೂ ಸಿದ್ಧಪಡಿಸಿದ ವಿಜ್ಞಾನಿಗಳ ಪಟ್ಟಿಯೊಂದು ಪ್ರಕಟವಾಗುವುದುಂಟು. ಅದರಲ್ಲಿ ತಮ್ಮವರ ಹೆಸರನ್ನು ಕಂಡ ವಿದ್ಯಾಸಂಸ್ಥೆಗಳು ಸಂಭ್ರಮದಿಂದ ಪತ್ರಿಕೆಗಳಿಗೆ ವಾರ್ತೆಯನ್ನು ಕಳುಹಿಸುತ್ತವೆ: ಇಂತಹವರ ಲೇಖನಗಳು ಇಷ್ಟು, ಅವುಗಳನ್ನು ಇತರರು ಉಲ್ಲೇಖಿಸಿರುವುದು ಇಷ್ಟು ಸಾರಿ, ಅವರ ಸೂಚ್ಯಂಕ ಇಷ್ಟು. ಆ ಮಹನೀಯರು ಕಂಡುಹಿಡಿದುದೇನು ಎಂಬ ಸಂಗತಿಗೆ ಮಾತ್ರ ಆ ವಾರ್ತೆಯಲ್ಲಿ ಅನೇಕ ವೇಳೆ ಸ್ಥಳವಿರುವುದಿಲ್ಲ. ಅಡುಗೆಯನ್ನು ಬಿಟ್ಟು ಎಲೆಗಳನ್ನು ಎಣಿಸಿ ಊಟವನ್ನು ಹೊಗಳಿದಂತಾಯಿತು.

ಈ ಎಣಿಕೆಯ ವಿಧಾನ ಬಹಳ ಹಳೆಯದೇನೂ ಅಲ್ಲ. ಒಬ್ಬರ ಲೇಖನವನ್ನು ಮುಂದೆ ಯಾರು ಯಾರು ಆಧಾರವಾಗಿಟ್ಟುಕೊಂಡರೆಂಬುದನ್ನು ಜೋಡಿಸಿಡುವ ಸೂಚಿಯೊಂದು ಬೇಕೆಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್‌ರವರು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಪ್ರಕಟಿಸಿದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಗಳು ಒಂದೇ ಅಂಕಿಯ ಸೂಚ್ಯಂಕವನ್ನು ಮುಂದಿಟ್ಟರು. ಒಬ್ಬರ ಲೇಖನಗಳಲ್ಲಿ ಇಪ್ಪತ್ತು ಲೇಖನಗಳು ಒಂದೊಂದೂ ಇಪ್ಪತ್ತು ಸಾರಿಗೆ ಕಡಮೆಯಿಲ್ಲದಂತೆ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಇಪ್ಪತ್ತು. ಲೆಕ್ಕ ಇಷ್ಟೇ ಸರಳ. ಗ್ರಂಥಗಳ ವಿಷಯದಲ್ಲಿ ಅಂಕಿಸಂಖ್ಯೆಯ ಶಾಸ್ತ್ರವೊಂದು ಬೆಳೆಯಬೇಕೆಂದು 1948ರಲ್ಲಿಯೇ ಹೇಳಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್‌ರವರು, 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಸಂಶೋಧನ ಕೇಂದ್ರವು ಇಂದಿಗೂ ನಡೆಯುತ್ತಿದೆ. ಆದುದರಿಂದ ಎಣಿಕೆಯನ್ನು ಪರದೇಶದ ಹುಚ್ಚೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ಎಣಿಕೆಗೆ ಯಾವುದು ಸಿಕ್ಕುತ್ತದೆ, ಯಾವುದು ಸಿಕ್ಕುವುದಿಲ್ಲ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಬೆಂಗಳೂರಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒತ್ತಡವು ಮಿದುಳಿಗೆ ಮಾಡುವುದೇನು ಎಂಬುದನ್ನು ಕುರಿತು 2002ರಲ್ಲಿ ಅಮೆರಿಕದ ನರವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನವೊಂದು ಪ್ರಕಟವಾಯಿತು. ಅದನ್ನು ಬರೆದವರು ಅಜಯ್ ವ್ಯಾಸ್, ರೂಪ್ಶಿ ಮಿತ್ರ, ಬಿ. ಎಸ್. ಶಂಕರನಾರಾಯಣ ರಾವ್, ಸುಮಂತ್ರ ಚಟರ್ಜಿ ಎಂಬ ನಾಲ್ವರು. ಚಟರ್ಜಿಯವರು ಆಗ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದರು. ರಾಯರು ನಿಮ್ಹಾನ್ಸ್ ಸಂಸ್ಥೆಯವರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಟ್ಟು, ಅನಂತರ ಅವುಗಳ ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು. ನೆನಪಿಗೆ ಆಶ್ರಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಕೋಶಗಳ ಕವಲುಗಳು ಮೊಟಕಾಗಿದ್ದುವು. ಅದು ಅದುವರೆಗೆ ತಿಳಿದಿದ್ದ ವಿಷಯವೇ. ಆದರೆ ಭಯಕ್ಕೆ ನೆಲೆಯಾದ ಅಮಿಗ್ಡಲ ಎಂಬ ಭಾಗದಲ್ಲಿ ಅದೇ ಒತ್ತಡದಿಂದ ಕವಲುಗಳು ಚಿಗುರಿ ಬೆಳೆದಿದ್ದುವು. ಬರಗಾಲದಲ್ಲಿ ಪೈರು ಒಣಗಿ ಕಳೆ ಹುಲುಸಾದಂತೆ ಎಂದರೆ ವಾಚಕರಿಗೆ ಅರ್ಥವಾದೀತು.

ಮುಂದಿನದು ಇನ್ನೂ ಗಂಭೀರವಾದುದು. 2004ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಒತ್ತಡ ನಿಂತು 21 ದಿನಗಳ ವಿಶ್ರಾಂತಿ ದೊರೆತ ಮೇಲೆ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು; ಅಮಿಗ್ಡಲದ ಬೆಳವಣಿಗೆಯೂ ಪ್ರಾಣಿಯ ಕಳವಳವೂ ಹಾಗೆಯೇ ಉಳಿದುವು. 2005ರ ಲೇಖನದಲ್ಲಿ, ಒಂದೇ ಒಂದು ಸಾರಿ ಒತ್ತಡಕ್ಕೆ ಸಿಕ್ಕಿದ ಇಲಿಯ ಅಮಿಗ್ಡಲದಲ್ಲಿ ಮರುದಿನ ಹೊಸದೇನೂ ಕಾಣದೆ, ಹತ್ತು ದಿನಗಳು ಕಳೆದ ಮೇಲೆ ನರಕೋಶಗಳ ಮುಳ್ಳುಗಳು ಹೆಚ್ಚಿರುವುದು ಕಂಡುಬಂದಿತು. ಪೆಟ್ಟು ಬಿದ್ದುದು ಇಂದು. ಬಾವು ಕಾಣುವುದು ಹತ್ತು ದಿನಗಳ ಮೇಲೆ. ಒತ್ತಡದ ಹಾರ್ಮೋನನ್ನು ಮುಂಚಿತವಾಗಿ ಕೊಟ್ಟಿದ್ದರೆ ಈ ತಡವಾದ ಕೇಡು ತಪ್ಪುತ್ತದೆಂದು 2012ರಲ್ಲಿ ಅದೇ ಪ್ರಯೋಗಶಾಲೆಯವರು ತೋರಿಸಿದರು; ಹಾರ್ಮೋನೇ ಶತ್ರುವೆಂಬ ಎಣಿಕೆಯನ್ನು ಅದು ಅಲುಗಿಸಿತು.

ಇತ್ತ ನಿಮ್ಹಾನ್ಸ್‌ನಲ್ಲಿ ಟಿ. ಆರ್. ರಾಜು ಮತ್ತು ಶಂಕರನಾರಾಯಣ ರಾಯರ ಬಳಗದವರು ಮಿದುಳಿನ ರಸಾಯನವನ್ನೇ ಹಿಡಿದು ಹೊರಟರು. ನಿರ್ಬಂಧದಲ್ಲಿಟ್ಟ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳ ಏರಿಳಿತವನ್ನು ಅಳೆದು 2000ದಲ್ಲಿ ಪ್ರಕಟಿಸಿದರು. ಒತ್ತಡದಿಂದ ನೊಂದ ಇಲಿಗಳನ್ನು ಆಟದ ಸಾಮಗ್ರಿಗಳೂ ಸಂಗಡಿಗರೂ ಇರುವ ವಿಶಾಲವಾದ ಗೂಡಿನಲ್ಲಿಟ್ಟರೆ ಹೊಸ ನರಕೋಶಗಳು ಬದುಕಿ ಉಳಿಯುವುದು ಮತ್ತೆ ಸರಿಹೋಗುತ್ತದೆ, ಖಿನ್ನತೆಯ ಚಿಹ್ನೆಗಳೂ ತಗ್ಗುತ್ತವೆ ಎಂದು 2009ರಲ್ಲಿ ತೋರಿಸಿದರು. ಔಷಧವಿಲ್ಲದೆ ಕೇವಲ ಒಳ್ಳೆಯ ನೆರೆಯಿಂದ ದೊರೆತ ಫಲವಿದು.

2002ರ ಆ ಲೇಖನಕ್ಕೆ ದೊರೆತ ಉಲ್ಲೇಖಗಳು ಸಾವಿರವನ್ನು ಮೀರಿವೆ. ಇದು ಬರಿಯ ಅಂಕಿಯಲ್ಲ. ನಾನಾ ದೇಶಗಳ ಪ್ರಯೋಗಶಾಲೆಗಳವರು ತಮ್ಮ ಕೆಲಸಕ್ಕೆ ಇದನ್ನು ಮೆಟ್ಟಿಲಾಗಿ ಮಾಡಿಕೊಂಡರೆಂಬುದಕ್ಕೆ ಸಾಕ್ಷಿ. ಆದರೆ ಎಲ್ಲ ಅಂಕಿಗಳೂ ಹೀಗೆ ಪ್ರಾಮಾಣಿಕವಾಗಿರುವುದಿಲ್ಲ. ಹೆಚ್ಚು ಉಲ್ಲೇಖಗೊಂಡವರ ಪಟ್ಟಿಯನ್ನು ತಯಾರಿಸುವ ಕ್ಲಾರಿವೇಟ್ ಎಂಬ ಸಂಸ್ಥೆಯು 2023ರಲ್ಲಿ ಸಂಶಯಾಸ್ಪದವೆಂದು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೈಬಿಟ್ಟಿತು. ಮತ್ತೊಂದು ಸಂಗತಿ: ನಾಲ್ವರು ಬರೆದ ಲೇಖನದ ಸಾವಿರ ಉಲ್ಲೇಖಗಳು ನಾಲ್ವರ ಖಾತೆಗೂ ಇಡಿಯಾಗಿ ಜಮೆಯಾಗುತ್ತವೆ. ಯಾವ ಅಂಗಡಿಯ ಲೆಕ್ಕದಲ್ಲಿಯೂ ಈ ಪದ್ಧತಿಯನ್ನು ಗುಮಾಸ್ತರು ಒಪ್ಪಲಾರರು.

ಈಗ ಇನ್ನೊಂದು ಕಡೆ ನೋಡೋಣ. ಈ ಪ್ರಯೋಗಶಾಲೆಗಳಿರುವ ನಗರದಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ, ಕನಕಪುರವನ್ನು ದಾಟಿ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಸಾತನೂರು ಇದೆ. ರಾಗಿಯೂ ಹಿಪ್ಪುನೇರಳೆಯೂ ಬೆಳೆಯುವ, ಕಾವೇರಿಯ ಕಾಡಿಗೆ ಹತ್ತಿರವಾದ ಹೋಬಳಿ. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗೆ ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ಅದೇ ರಾತ್ರಿ ಆನೆಯ ಹಿಂಡು ಇಳಿದು ಬಂದರೆ ಹೊಲದ ಅಟ್ಟಣೆಯಲ್ಲಿ ಕಾಯಬೇಕು. ಗೂಡು ಕಟ್ಟಿದ ಮೇಲೆ ರಾಮನಗರದ ಮಾರುಕಟ್ಟೆಯ ಹರಾಜಿನಲ್ಲಿ ಆ ದಿನದ ಧಾರಣೆ ಏನೋ ಎಂಬ ಚಿಂತೆ ಬೇರೆ. ಒತ್ತಡವೆಂಬುದನ್ನು ಕಾಣಬೇಕೆಂದಿದ್ದವರು ಇಲ್ಲಿ ಬಹಳ ಹುಡುಕಬೇಕಾಗಿಲ್ಲ.

ಆನೆಯ ಒತ್ತಡವನ್ನು ನಮ್ಮ ವಿಜ್ಞಾನಿಗಳು ಅಳೆದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪೋಖರೇಲ್, ಶೇಷಗಿರಿ ಮತ್ತು ಸುಕುಮಾರ್‌ರವರು ಕರ್ನಾಟಕದ ಆನೆಗಳ ಲದ್ದಿಯನ್ನು ಪರೀಕ್ಷಿಸಿ, ಬೆಳೆಗೆ ನುಗ್ಗುವ ಆನೆಗಳಲ್ಲಿ ಒತ್ತಡದ ಹಾರ್ಮೋನಿನ ಅಂಶವು ಕಾಡಿನಲ್ಲಿಯೇ ಮೇಯುವ ಆನೆಗಳಿಗಿಂತ ಕಡಮೆಯೆಂದು 2019ರಲ್ಲಿ ಪ್ರಕಟಿಸಿದರು. ರೈತನ ಹೊಲದ ಪುಷ್ಟಿಯಾದ ಮೇವೇ ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ. ಆನೆ ನೆಮ್ಮದಿಯಿಂದಿದೆ ಎಂದಾಯಿತು. ಆ ನೆಮ್ಮದಿಯ ವೆಚ್ಚವನ್ನು ತೆರುವವನ ವಿಷಯವಾಗಿ ಸುಶ್ರುತ್ ಜಾಧವ್ ಮತ್ತು ಮಾನ್ ಬರುವಾ ಎಂಬವರು ಅಸ್ಸಾಮಿನಲ್ಲಿ ವಿಚಾರಿಸಿ, ಆನೆಯ ಹಾವಳಿಯಲ್ಲಿ ಸಿಕ್ಕಿದ ಬಡವರ ಮನಸ್ಸಿನ ಯಾತನೆಯು ಸರಕಾರಿ ಲೆಕ್ಕಕ್ಕೆ ಬರುವುದೇ ಇಲ್ಲವೆಂದು 2012ರಲ್ಲಿ ಬರೆದರು. ಸಾತನೂರಿನ ಕಾಡಂಚಿನಲ್ಲಿಯೂ ಅಂತಹ ವಿಚಾರಣೆ ಆಗತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ಹಾಗೆಯೇ ಇರುವುದೆಂದು ಹೇಳಲು ನಾವು ಧೈರ್ಯಪಡುವುದಿಲ್ಲ, ವಿಜ್ಞಾನಿಗಳೂ ಹೇಳಿಲ್ಲ. ಆದರೂ ಅಧಿಕಾರಿಗಳು ಆಲೋಚಿಸಬೇಕಾದ ಅಂಶವೊಂದಿದೆ. ಆನೆ ತುಳಿದು ಒಬ್ಬರು ಸತ್ತ ಮನೆಗೆ ಮರುದಿನ ಇಲಾಖೆಯವರು ಬರುತ್ತಾರೆ, ಮಹಜರು ಬರೆಯುತ್ತಾರೆ, ಪರಿಹಾರದ ಕಾಗದಪತ್ರಗಳು ಹೊರಡುತ್ತವೆ. ಭಯದ ಬೇರು ಹತ್ತನೆಯ ದಿನಕ್ಕೆ ಬಲಿಯುವುದು ಸಾಧ್ಯವಾದರೆ, ಹತ್ತನೆಯ ದಿನ ಆ ಮನೆಗೆ ಹೋಗುವವರು ಯಾರು? ಹೋಬಳಿಯ ಆರೋಗ್ಯ ಕಾರ್ಯಕರ್ತೆಯೊಬ್ಬರು ಹೋಗಿ, ನಿದ್ರೆ ಬರುತ್ತಿದೆಯೇ, ಮಕ್ಕಳು ಬೆಚ್ಚಿಬೀಳುತ್ತಿದ್ದಾರೆಯೇ ಎಂದು ಕೇಳುವುದಕ್ಕೆ ದೊಡ್ಡ ವೆಚ್ಚವಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಇಂತಹ ಶಿಕ್ಷಣವನ್ನು ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ. ಸಾಧನಗಳಿಲ್ಲವೆಂದಲ್ಲ, ಪ್ರಯೋಗಶಾಲೆಗೂ ಹೋಬಳಿಗೂ ನಡುವೆ ಮಾತಿಲ್ಲ.

ಮಾತಿಲ್ಲದಿರುವುದಕ್ಕೆ ಎಣಿಕೆಯೂ ಒಂದು ಕಾರಣ. ನಿಮ್ಹಾನ್ಸ್‌ನಲ್ಲಿಯೇ ಪ್ರೊಫೆಸರಾಗಿದ್ದ ಡಾಕ್ಟರ್ ಸಿ. ಆರ್. ಚಂದ್ರಶೇಖರ್‌ರವರು ಮನೋರೋಗಗಳನ್ನು ಕುರಿತು ನೂರಕ್ಕೂ ಮಿಕ್ಕಿ ಕನ್ನಡ ಪುಸ್ತಕಗಳನ್ನು ಬರೆದಿದ್ದಾರೆ. ದೆವ್ವ ಹಿಡಿದಿದೆಯೆಂದು ಕೂಡಿಹಾಕಿದವರನ್ನು ಆಸ್ಪತ್ರೆಗೆ ಕರೆತರುವುದಕ್ಕೆ ಇಂತಹ ಪುಸ್ತಕಗಳು ಮಾಡುವ ಸಹಾಯ ಸಣ್ಣದಲ್ಲ. ಅದಕ್ಕೆ ಮುಂಚೆ ಡಾಕ್ಟರ್ ಎಂ. ಶಿವರಾಂರವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೇ ಬಂದಿತು. ಇಂತಹ ಪುಸ್ತಕಗಳನ್ನು ಓದಿ ಮಗನನ್ನು ವೈದ್ಯರ ಬಳಿಗೆ ಕರೆದೊಯ್ದ ತಾಯಿ ಅಡಿಟಿಪ್ಪಣಿ ಬರೆಯುವುದಿಲ್ಲ. ಆದುದರಿಂದ ಆ ಸೂಚ್ಯಂಕಗಳ ಕಣ್ಣಿಗೆ ಈ ದುಡಿಮೆ ಸೊನ್ನೆ. ಬಡ್ತಿಯನ್ನೂ ಧನಸಹಾಯವನ್ನೂ ಅದೇ ಅಂಕಿಯಿಂದ ನಿಶ್ಚಯಿಸತೊಡಗಿದರೆ, ಕನ್ನಡದಲ್ಲಿ ಒಂದು ಪುಟ ಬರೆಯುವುದಕ್ಕೂ ತರುಣ ವಿಜ್ಞಾನಿಯು ಹಿಂದುಮುಂದು ನೋಡುವುದು ಸಹಜವೇ.

ಪ್ರಯೋಗಶಾಲೆಯ ಕೆಲಸವನ್ನು ಬಿಟ್ಟು ಪ್ರಚಾರಕ್ಕೆ ಹೊರಡಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಪ್ರಜೆಗಳ ತೆರಿಗೆಯಿಂದ ನಡೆದ ಸಂಶೋಧನೆಯೊಂದು ಪ್ರಕಟವಾದೊಡನೆ ಅದರ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಬರೆದು ಸಂಸ್ಥೆಯವರು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕಳುಹಿಸಲಿ. ಬಡ್ತಿಯ ಅರ್ಜಿಯಲ್ಲಿ ಲೇಖನಗಳ ಪಟ್ಟಿಯ ಕೆಳಗೆ ಆ ಪುಟಗಳಿಗೂ ಒಂದು ಕಲಮು ಇರಲಿ. ನಿಮ್ಹಾನ್ಸ್ ಸಂಸ್ಥೆಯು ರಾಷ್ಟ್ರೀಯ ಮಹತ್ವದ್ದೆಂದು 2012ರ ಶಾಸನದಿಂದ ಮನ್ನಣೆ ಪಡೆದಿದೆ. ಇಂತಹ ಮೇಲ್ಪಂಕ್ತಿಯನ್ನು ಹಾಕಲು ಅದಕ್ಕಿಂತ ಯೋಗ್ಯವಾದ ಸಂಸ್ಥೆ ನಮಗೆ ತೋರುವುದಿಲ್ಲ. ಹತ್ತನೆಯ ದಿನದ ಭೇಟಿಯನ್ನು ಜಿಲ್ಲೆಯ ಅಧಿಕಾರಿಗಳು ಸಾತನೂರು ಹೋಬಳಿಯಲ್ಲಿ ಒಂದು ವರ್ಷ ನಡೆಸಿ ನೋಡಬಹುದು. ಅದರ ಫಲವನ್ನು ಅಳೆಯುವ ವಿಧಾನವನ್ನು ಆ ವಿಜ್ಞಾನಿಗಳಿಂದಲೇ ಕೇಳಿ ತಿಳಿದುಕೊಂಡರಾಯಿತು.