ಎಲ್ಲಾದ್ರೂ ಒಂದು ಕಡೆ ಹಾಕ್ಬಿಡಿ

ಊರಿನಿಂದ ಫೋನ್ ಬಂದರೆ ಯಾವ ವಿಷಯಕ್ಕೆ ಅಂತ ನನಗೀಗ ಮೊದಲ ಮಾತಿನಲ್ಲೇ ಗೊತ್ತಾಗಿಬಿಡುತ್ತದೆ. "ಒಂದು ವಿಷಯ ಇತ್ತು" ಎಂದು ಶುರುವಾದರೆ ಜಾಗದ ತಕರಾರು. "ಭಾವ, ಅಲ್ಲಿ ಮಳೆ ಹೇಗುಂಟು?" ಎಂದರೆ ಬಯೋಡಾಟಾ. ಡೊಂಬಿವಲಿಯ ಮಳೆಯ ಬಗ್ಗೆ ಬೈಂದೂರಿನವರಿಗೆ ಇನ್ಯಾವ ಕುತೂಹಲ ಇರಲು ಸಾಧ್ಯ ಹೇಳಿ!

ಮೂವತ್ತು ವರ್ಷದಿಂದ ಈ ಕಾಗದ ನನ್ನ ಮನೆಗೆ ಬರುತ್ತಿದೆ. ಮೊದಲು ಅಂಚೆಯಲ್ಲಿ ಬರುತ್ತಿತ್ತು. ಆಮೇಲೆ ರಾತ್ರಿ ಬಸ್ಸಿನ ಡ್ರೈವರನ ಕೈಯಲ್ಲಿ, ಹಲಸಿನ ಹಪ್ಪಳದ ಕಟ್ಟಿನ ಒಳಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಬಯೋಡಾಟಾದ ಜೊತೆ ಹುಡುಗನೇ ಬಂದು ನಸುಕಿನಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಇಳಿಯತೊಡಗಿದ. ನಂತರ ಈಮೇಲ್, ಈಗ ವಾಟ್ಸಾಪ್. ಬರುವ ದಾರಿ ಬದಲಾಗಿದೆ, ಕಾಗದ ಮಾತ್ರ ಹಾಗೇ ಇದೆ. ಮೇಲೆ ದಪ್ಪ ಅಕ್ಷರದಲ್ಲಿ 'ಬಯೋಡಾಟಾ', ಅದರ ಕೆಳಗೆ ಹೆಸರು, ತಂದೆಯ ಹೆಸರು, ಜಾತಿ, ಉಪಜಾತಿ, ಮದುವೆಯಾಗಿಲ್ಲ ಎಂಬ ಘೋಷಣೆ, ಎತ್ತರ, ಹವ್ಯಾಸದ ಜಾಗದಲ್ಲಿ ಕ್ರಿಕೆಟ್ ಮತ್ತು ಹಾಡು ಕೇಳುವುದು. ಕೊನೆಗೆ 'ಮೇಲಿನ ಮಾಹಿತಿಯೆಲ್ಲ ಸತ್ಯ' ಎಂಬ ಪ್ರಮಾಣ. ಇದನ್ನು ಹೆಣ್ಣು ನೋಡಲು ಕಳಿಸಿದ್ದೋ ಕೆಲಸಕ್ಕೆ ಕಳಿಸಿದ್ದೋ ಎಂದು ನನ್ನ ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ. ಆ ಹುಡುಗನಿಗೆ ಏನು ಮಾಡಲು ಬರುತ್ತದೆ ಎಂಬುದೊಂದು ಮಾತ್ರ ಅದರಲ್ಲಿ ಇರುವುದಿಲ್ಲ.

ಕಾಗದದ ಹಿಂದೆಯೇ ಅಪ್ಪನ ಮಾತು ಬರುತ್ತದೆ: "ಎಲ್ಲಾದ್ರೂ ಒಂದು ಕಡೆ ಹಾಕ್ಬಿಡಿ ಮಾರಾಯ್ರೆ."

ನನ್ನ ಜಗಳ ಇರುವುದು ಈ ಮಾತಿನ ಜೊತೆ. ಜಗಳ ಮುಂಬಯಿಯವರ ಮೇಲಲ್ಲ, ಊರಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮ್ಮ ಮೇಲೆ. ಅಡಿಕೆ ಮೂಟೆಯನ್ನು ಎಲ್ಲಾದ್ರೂ ಒಂದು ಕಡೆ ಹಾಕಬಹುದು. ಬಿಕಾಂ ಮಾಡಿದ ಇಪ್ಪತ್ತೆರಡು ವರ್ಷದ ಹುಡುಗನನ್ನು ಹಾಗೆ ಹಾಕಲು ಬರುತ್ತದೆಯೇ?

ಹಿಂದೆ ಬರುತ್ತಿತ್ತು, ಅದು ನಿಜ. ಊರಿನ ಹುಡುಗ ಬಂದರೆ ನೇರ ಊರವರ ಹೊಟೇಲಿಗೆ. ಬಯೋಡಾಟಾ ಯಾರಿಗೆ ಬೇಕಿತ್ತು, ಇಂಥವರ ಮಗ ಎಂದರೆ ಸಾಕಿತ್ತು. ಹಗಲು ಟೇಬಲ್ ಒರೆಸಿ, ರಾತ್ರಿ ಕೋಟೆಯಲ್ಲೋ ಮಾಟುಂಗದಲ್ಲೋ ಕನ್ನಡದ ರಾತ್ರಿಶಾಲೆಗೆ ಹೋಗಿ, ಮಲಗುವುದಕ್ಕೆ ಅದೇ ಹೊಟೇಲಿನ ಬೆಂಚು. ಹಾಗೆ ಓದಿ ವಕೀಲರಾದವರು, ಬ್ಯಾಂಕ್ ಸೇರಿದವರು, ಸ್ವಂತ ಹೊಟೇಲು ಮಾಡಿದವರು ಬೇಕಾದಷ್ಟು ಜನ. ನೀವು ಊರಿನ ಸನ್ಮಾನ ಸಭೆಗಳಲ್ಲಿ ಶಾಲು ಹೊದಿಸುವುದು ಇವರಿಗೇ. ಆದರೆ ಆ ಏಣಿಯ ಒಂದೊಂದು ಮೆಟ್ಟಿಲೂ ಮುರಿದು ಬಿದ್ದಿರುವುದನ್ನು ನಿಮಗೆ ಯಾರೂ ಹೇಳಿಲ್ಲ. ರಾತ್ರಿಶಾಲೆಗಳು ಒಂದರ ಹಿಂದೆ ಒಂದು ಮುಚ್ಚಿದವು. 1982ರ ಜನವರಿಯ ಮುಷ್ಕರದ ನಂತರ ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಠಾಣೆ-ಬೇಲಾಪುರ ರಸ್ತೆಯಲ್ಲಿ ಸೈರನ್ ಊದುತ್ತಿದ್ದ ಎಷ್ಟೋ ಕಾರ್ಖಾನೆಗಳ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳಿವೆ. ಐರೋಳಿಯಲ್ಲೋ ಮಹಾಪೆಯಲ್ಲೋ ಅವುಗಳ ಗೇಟಿನಲ್ಲಿ ನಿಂತು "ನಾನು ಇಂಥವರ ಮಗ" ಎಂದರೆ ವಾಚ್‌ಮನ್ ಕೂಡ ತಲೆ ಎತ್ತಿ ನೋಡುವುದಿಲ್ಲ. ಅವನಿಗೆ ಬೇಕಾದದ್ದು ಗೇಟ್‌ಪಾಸ್. ಗೇಟ್‌ಪಾಸಿಗೆ ಇಂಟರ್‌ವ್ಯೂ ಕರೆ ಬೇಕು, ಕರೆ ಬರಬೇಕಾದರೆ ಓದಿದರೆ ಅರ್ಥವಾಗುವ ರೆಸ್ಯೂಮೆ ಬೇಕು.

ನಮ್ಮವರ ಕಾಗದ ಅರ್ಥವಾಗದಿರುವುದಕ್ಕೆ ಕಾರಣ ಇಂಗ್ಲಿಷ್ ಎಂದುಕೊಂಡಿದ್ದೀರಿ. ಮೊದಲು ಸಿಕ್ಕಿಬೀಳುವುದು ಹೆಸರಿನಲ್ಲೇ. ಇಲ್ಲಿನ ಯಾವ ಅರ್ಜಿಯಾದರೂ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಕೇಳುತ್ತದೆ. ನಮ್ಮ ಹುಡುಗನ ಹೆಸರಿನ ಮುಂದೆ ಇರುವುದು ಒಂದು ಅಕ್ಷರ, ಅದು ಊರಿನದ್ದೋ ಮನೆತನದ್ದೋ ಅಪ್ಪನದ್ದೋ ಅವನಿಗೇ ಸರಿಯಾಗಿ ಗೊತ್ತಿಲ್ಲ. ಫಾರಂ ತುಂಬಿಸುವ ಗುಮಾಸ್ತ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಬರೆದುಕೊಳ್ಳುತ್ತಾನೆ. ಆರು ತಿಂಗಳ ನಂತರ ಪ್ಯಾನ್ ಕಾರ್ಡಿನಲ್ಲಿ ಒಬ್ಬ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಬ್ಬ, ಪಿಎಫ್ ಖಾತೆಯಲ್ಲಿ ಮೂರನೆಯವನು. ಇನ್ನು ಪಿಯುಸಿ. ಇಲ್ಲಿ ಹನ್ನೆರಡನೆಯದಕ್ಕೆ ಎಚ್‌ಎಸ್‌ಸಿ ಎನ್ನುತ್ತಾರೆ. ಪಿಯುಸಿ ಎಂದರೆ ಗಾಡಿಗೆ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಮಾಡಿಸುವ ಹೊಗೆ ತಪಾಸಣೆಯ ಚೀಟಿ! "ಪಿಯುಸಿ ಫಸ್ಟ್ ಕ್ಲಾಸ್" ಎಂದು ಓದಿ ಒಬ್ಬ ಮರಾಠಿ ಗೃಹಸ್ಥರು ನನ್ನೆದುರೇ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು, ನಗು ಬಂತು, ನಕ್ಕರು. ಹುಡುಗ ಮಾತ್ರ ಆಮೇಲೆ ಬಾಯಿ ಬಿಡಲಿಲ್ಲ. ಬ್ರಾಕೆಟ್ಟಿನಲ್ಲಿ 'ಹನ್ನೆರಡನೇ ತರಗತಿ' ಎಂದು ಎರಡು ಶಬ್ದ ಸೇರಿಸಿದ್ದರೆ ಮುಗಿಯುತ್ತಿತ್ತು. ಕಾಲೇಜಿನ ಮೇಷ್ಟರುಗಳು ಮೂರು ವರ್ಷದಲ್ಲಿ ಇಷ್ಟನ್ನೂ ಹೇಳಿಕೊಡುವುದಿಲ್ಲವಾದರೆ ಅವರು ಹೇಳಿಕೊಡುವುದು ಏನನ್ನು?

ಇವೆಲ್ಲ ಸಣ್ಣ ವಿಷಯ, ತಿದ್ದಬಹುದು. ತಿದ್ದಲಾಗದ್ದು ಬೇರೆ ಇದೆ. ಅದನ್ನು ಹೇಳಬೇಕಾದರೆ ನನ್ನ ತಪ್ಪನ್ನೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಕುಂದಾಪುರ ಕಡೆಯ ಒಬ್ಬ ಹುಡುಗ ಬಂದ. ಬಿಕಾಂ. ಬಂದ ತಿಂಗಳಲ್ಲೇ ಕೆಲಸ ಸಿಗದೆ ಕಲ್ಯಾಣದಲ್ಲಿ ಊರಿನವರ ಹೊಟೇಲಿನ ಗಲ್ಲಾದಲ್ಲಿ ಕೂತ. ಕೂತವನು ಮೂರು ವರ್ಷ ಅಲ್ಲೇ ಇದ್ದ. ವಾಶಿಯ ಎಪಿಎಂಸಿ ಮಾರ್ಕೆಟ್ಟಿನಿಂದ ಬರುವ ಈರುಳ್ಳಿ, ಬಟಾಟೆ, ದಿನಸಿಯ ಲೆಕ್ಕ ಅವನದ್ದು, ದಿನದ ಗಲ್ಲಾ ಅವನದ್ದು, ಇಪ್ಪತ್ತು ಜನ ಕೆಲಸದವರ ಸಂಬಳ, ಮುಂಗಡ, ರಜೆ ಎಲ್ಲಾ ಅವನದ್ದು. ಗ್ಯಾಸ್ ತಡವಾದರೆ ಡೀಲರ್ ಜೊತೆ ಮರಾಠಿಯಲ್ಲಿ ಜಗಳ, ಗಿರಾಕಿ ಜೊತೆ ಹಿಂದಿಯಲ್ಲಿ ನಯ, ಅಡುಗೆಯವರ ಜೊತೆ ಕುಂದಗನ್ನಡ, ಯಜಮಾನರ ಜೊತೆ ತುಳು. ಆಫೀಸು ಕೆಲಸ ಬೇಕು ಎಂದು ಒಂದು ಭಾನುವಾರ ನನ್ನ ಮನೆಗೆ ಬಂದ. ಅವನ ರೆಸ್ಯೂಮೆಯಲ್ಲಿ ಈ ಮೂರು ವರ್ಷ ಒಂದೇ ಸಾಲಿನಲ್ಲಿತ್ತು: 'ಹೊಟೇಲ್ ಕ್ಯಾಶಿಯರ್'. ನಾನು ಹೇಳಿದೆ, "ಇದನ್ನು ತೆಗೆದುಬಿಡು ಮಗಾ. ಹೊಟೇಲಿನವನು ಅಂದ್ರೆ ಒಳಗೆ ಕರೆಯೂದಿಲ್ಲ."

ತೆಗೆದ. ಭಿವಂಡಿ ಕಡೆಯ ಒಂದು ಗೋದಾಮು ಕಂಪೆನಿಯಲ್ಲಿ ಇಂಟರ್‌ವ್ಯೂ ಆಯಿತು. ಡಿಗ್ರಿ ಆಗಿ ಮೂರು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದರು. ನಾನು ಕಲಿಸಿಕೊಟ್ಟ ಹಾಗೆ "ಮನೆಯಲ್ಲಿದ್ದೆ, ತಂದೆಗೆ ಹುಷಾರಿರಲಿಲ್ಲ" ಎಂದ. ಕೆಲಸ ಬೇರೆಯವನಿಗೆ ಹೋಯಿತು. ಆ ಕಂಪೆನಿಯಲ್ಲಿ ನನ್ನ ಪರಿಚಯದವರೊಬ್ಬರಿದ್ದರು. ಆಮೇಲೆ ಒಂದು ದಿನ ಲೋಕಲ್ಲಿನಲ್ಲಿ ಸಿಕ್ಕಿ ಹೇಳಿದರು, "ನಿಮ್ಮ ಹುಡುಗ ಚುರುಕು, ಆದರೆ ಅನುಭವ ಇಲ್ಲ. ನಮಗೆ ಬೇಕಾದದ್ದು ಸ್ಟಾಕು, ಖರೀದಿ, ದಿನದ ಕ್ಯಾಶು ನೋಡಿ ಗೊತ್ತಿದ್ದವನು." ನಾನು ಕಿಟಕಿಯ ಹೊರಗೆ ನೋಡಿದೆ. ಡೊಂಬಿವಲಿಯ ರಶ್ಶಿನಲ್ಲಿ ಕಿಟಕಿ ಕಾಣುವುದೇ ಕಷ್ಟ, ಆ ದಿನ ಕಂಡಿತು.

ಅವನು ಮತ್ತೆ ಗಲ್ಲಾಕ್ಕೆ ಹೋಗಲಿಲ್ಲ, ಊರಿಗೆ ಹೋದ. ಈಗ ನನ್ನ ಫೋನ್ ಎತ್ತುವುದಿಲ್ಲ.

ಹಾಗೆ ಹೇಳುವ ಬುದ್ಧಿ ನನಗೆ ಎಲ್ಲಿಂದ ಬಂತು? ನಿಮ್ಮಿಂದಲೇ ಬಂತು. ಊರಿನಲ್ಲಿ ಮಗನ ಬಗ್ಗೆ ಹೇಳುವಾಗ "ಬಾಂಬೆಯಲ್ಲಿ ಕಂಪೆನಿಯಲ್ಲಿದ್ದಾನೆ" ಎನ್ನುತ್ತೀರಿ, ಹೊಟೇಲಿನಲ್ಲಿದ್ದಾನೆ ಎನ್ನುವುದಿಲ್ಲ. ಹೊಟೇಲಿನ ಯಜಮಾನನಾದರೆ ಸನ್ಮಾನ, ಗಲ್ಲಾದವನಾದರೆ ಮದುವೆಗೆ ಹೆಣ್ಣು ಸಿಗುವುದಿಲ್ಲ. ಹುಡುಗ ಇಲ್ಲಿಗೆ ಬರುವಾಗಲೇ ಆ ನಾಚಿಕೆಯನ್ನು ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿರುತ್ತೀರಿ. ಅವನು ಮೂರು ವರ್ಷದ ಕಸುಬನ್ನು ಅಳಿಸಿ ಆ ಜಾಗದಲ್ಲಿ 'ಕ್ರಿಕೆಟ್' ಎಂದು ಬರೆಯುತ್ತಾನೆ.

ಎಲ್ಲರನ್ನೂ ಬೈದು ನಮ್ಮ ಸಂಘಗಳನ್ನು ಬಿಟ್ಟರೆ ತಪ್ಪಾಗುತ್ತದೆ. ಸಂಘಗಳು ಮಾಡಿದ ಕೆಲಸವನ್ನು ನಾನು ಅಲ್ಲಗಳೆಯುವುದಿಲ್ಲ. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ ನಗರ ಇದು. ಶಾಲೆ, ವಿದ್ಯಾರ್ಥಿ ವೇತನ, ಆಸ್ಪತ್ರೆ ಖರ್ಚು ಎಲ್ಲಾ ಜಾತಿ ಸಂಘಗಳಿಂದಲೇ ನಡೆದದ್ದು. ಆದರೆ ಕೆಲಸ ಹುಡುಕಿ ಬಂದ ಹುಡುಗನಿಗೆ ಮೊದಲ ಪ್ರಶ್ನೆ ಇಂದಿಗೂ "ನಿಮ್ಮದು ಯಾವುದು?" ಎಂದೇ. ಉತ್ತರ ಕೇಳಿ ಇನ್ನೊಂದು ಸಂಘದ ವಿಳಾಸ ಕೊಟ್ಟರೆ ಕೈ ತೊಳೆದಂತೆ. ಯಾವ ಸಂಘದ ವಿಳಾಸವೂ ಇಲ್ಲದವರು? ಠಾಣೆ, ಕಲ್ಯಾಣ, ನವಿ ಮುಂಬಯಿಯ ನಾಕಾಗಳಲ್ಲಿ ಬೆಳಗ್ಗೆ ಏಳಕ್ಕೆ ಹೋಗಿ ನಿಂತು ನೋಡಿ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಗಂಡಸರು, ಹೆಂಗಸರು ಕರಣಿ, ಬುಟ್ಟಿ ಹಿಡಿದು ಯಾರಾದರೂ ಕರೆಯುತ್ತಾರೋ ಎಂದು ಕಾಯುತ್ತಿರುತ್ತಾರೆ. 1970ರಲ್ಲಿ ಸಿಡ್ಕೊ ಹುಟ್ಟಿ ಹೊಸ ನಗರ ಕಟ್ಟಲು ಶುರು ಮಾಡಿತಲ್ಲ, ಅದರ ಕಲ್ಲು ಹೊತ್ತವರಲ್ಲಿ ಇವರೂ ಇದ್ದಾರೆ. ಇವರ ರೆಸ್ಯೂಮೆ ಎಂದರೆ ಕೈಯ ದಡ್ಡು. ಆಡುವುದು ನಮ್ಮದೇ ಕನ್ನಡ. ನಮ್ಮ ರಾಜ್ಯೋತ್ಸವದ ಸಭಾಂಗಣದಲ್ಲಿ ನಾನು ಇವರನ್ನು ಒಂದು ಸಲವೂ ಕಂಡಿಲ್ಲ. ಕಂಡಿದ್ದರೆ ಅದು ಸಭಾಂಗಣದ ಹೊರಗೆ, ಫುಟ್‌ಪಾತ್ ರಿಪೇರಿಯಲ್ಲಿ.

ಇನ್ನೊಂದು ವಿಷಯ, ಇದು ನಿಮಗೆ ಹಿಡಿಸುವುದಿಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪೆನಿಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂದು. ಎರಡೇ ದಿನದಲ್ಲಿ ಕಂಪೆನಿಗಳ ಗಲಾಟೆಗೆ ಹೆದರಿ ತಡೆಹಿಡಿದರು. ಆ ವಾರ ಊರಿನಿಂದ ನನಗೆ ಬಂದ ಮೆಸೇಜುಗಳನ್ನು ನೋಡಬೇಕಿತ್ತು, ಹಿಂದೆ ಸರಿದದ್ದಕ್ಕೆ ಸರಕಾರದ ಮೇಲೆ ಬೆಂಕಿ. ಬೆಂಕಿ ಕಾರಿದವರಲ್ಲಿ ಇಬ್ಬರು ಅದೇ ವಾರ ಮಗನ ಬಯೋಡಾಟಾ ಕಳಿಸಿದ್ದರು, ನವಿ ಮುಂಬಯಿಯಲ್ಲಿ ಎಲ್ಲಾದ್ರೂ ಹಾಕ್ಬಿಡಿ ಎಂದು! ಆ ಮಸೂದೆಯಲ್ಲಿ ಸ್ಥಳೀಯ ಎಂದರೆ ಹುಟ್ಟಿದ್ದು ಕರ್ನಾಟಕದಲ್ಲಿ, ವಾಸ 15 ವರ್ಷ, ಕನ್ನಡ ಓದಿ ಬರೆಯಲು ಬರಬೇಕು. ಮಹಾರಾಷ್ಟ್ರದ ಡೊಮಿಸೈಲ್ ಸರ್ಟಿಫಿಕೇಟಿಗೂ 15 ವರ್ಷವೇ. 2008ರ ನವೆಂಬರಿನಲ್ಲಿ ಇಲ್ಲಿನ ಸರಕಾರ ಕೈಗಾರಿಕೆಗಳಲ್ಲಿ ಶೇಕಡಾ 80 ಕೆಲಸ ಸ್ಥಳೀಯರಿಗೆ ಎಂದು ಆದೇಶ ಹೊರಡಿಸಿದಾಗಲೂ ಅಳತೆ ಅದೇ 15. ಅದಕ್ಕೆ ಒಂದು ತಿಂಗಳ ಹಿಂದೆ ಅಷ್ಟೇ ರೈಲ್ವೆ ಪರೀಕ್ಷೆ ಬರೆಯಲು ಬಂದ ಉತ್ತರದ ಹುಡುಗರನ್ನು ಇಲ್ಲಿ ಹೊಡೆದು ಓಡಿಸಿದ್ದರು. ಅಂದರೆ ನಿಮ್ಮ ಲೆಕ್ಕದಲ್ಲಿ ನಿಮ್ಮ ಮಗ ಇಲ್ಲಿ ಹೊರಗಿನವನು. ಹತ್ತು ವರ್ಷ ಇದ್ದು ಊರಿಗೆ ಮರಳಿದರೆ ಮೊಮ್ಮಗ ಅಲ್ಲಿಯೂ ಹೊರಗಿನವನು, ಯಾಕೆಂದರೆ ಅವನು ಹುಟ್ಟಿದ್ದು ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ.

ಸ್ಥಳೀಯರಿಗೆ ಕೆಲಸ ಬೇಡ ಎಂದು ನಾನು ಹೇಳುತ್ತಿಲ್ಲ. ಸರೋಜಿನಿ ಮಹಿಷಿ ವರದಿ ಎಂಬತ್ತರ ದಶಕದಲ್ಲಿ ಎತ್ತಿದ ಪ್ರಶ್ನೆ ಇವತ್ತಿಗೂ ನ್ಯಾಯವಾದ ಪ್ರಶ್ನೆಯೇ. ಆದರೆ ಅರವತ್ತರ ದಶಕದಲ್ಲಿ 'ಮಾರ್ಮಿಕ್' ಪತ್ರಿಕೆ ಇಲ್ಲಿನ ಆಫೀಸುಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿದ್ದಾಗ ಆ ಪಟ್ಟಿ ಓದಿ ನಡುಗಿದವರಲ್ಲಿ ನಮ್ಮ ಹಿರಿಯರೂ ಇದ್ದರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಕೆಲವು ವರ್ಷ ಲುಂಗಿ ಉಟ್ಟು ಬೀದಿಗಿಳಿಯಲು ಹೆದರಿದವರಲ್ಲಿಯೂ ಅವರಿದ್ದರು. ಬೆಂಗಳೂರಿನಲ್ಲಿ ಅಂಥದೇ ಪಟ್ಟಿ ಬೇಕು ಎನ್ನುವವರು ಮೊದಲು ಮಗನನ್ನು ವಾಪಸ್ ಕರೆಸಿಕೊಳ್ಳಲಿ. ಎರಡೂ ಬೇಕು ಎಂದರೆ ಹೇಗೆ ಸ್ವಾಮಿ?

ಮತ್ತೆ ಮಸೂದೆ ಬಂದರೂ, ಬಾರದಿದ್ದರೂ ಹುಡುಗರು ಬರುತ್ತಲೇ ಇರುತ್ತಾರೆ, ಅದು ನನಗೆ ಗೊತ್ತು. ಸ್ಟೇಷನ್ ಪಕ್ಕದ ಮಾಳಿಗೆಗಳಲ್ಲಿ 'ಗ್ಯಾರಂಟಿ ಜಾಬ್' ಬೋರ್ಡಿನವರು ಅವರಿಗಾಗಿಯೇ ಕೂತಿದ್ದಾರೆ. ನೋಂದಣಿಗೆ ಎರಡು ಸಾವಿರ, ಯೂನಿಫಾರಂಗೆ ಇನ್ನೆರಡು. ಒಂದು ತಿಂಗಳು ಬಿಟ್ಟು ಹೋದರೆ ಬೋರ್ಡು ಇರುತ್ತದೆ, ಕೂತವರು ಬೇರೆ. ನನ್ನ ಅಕ್ಕನ ಮೊಮ್ಮಗನೇ ಕಳೆದ ವರ್ಷ ಕೊಟ್ಟು ಬಂದಿದ್ದಾನೆ, ನನಗೆ ಹೇಳಲು ನಾಚಿಕೆ ಅಂತೆ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಕೇಳುವವರ ಹತ್ತಿರ ಕೆಲಸ ಇರುವುದಿಲ್ಲ. ಇದನ್ನು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬರೆದು ಹಾಕಿ.

ಬಯೋಡಾಟಾ ಇನ್ನು ನನಗೆ ನೀವು ಕಳಿಸಬೇಡಿ. ಹುಡುಗನೇ ಫೋನ್ ಮಾಡಲಿ. ಊರಿನಲ್ಲಿ ಅವನು ಏನೇನು ಮಾಡಿದ್ದಾನೆ, ಅಪ್ಪನ ಅಂಗಡಿಯಲ್ಲಿ ಕೂತದ್ದು, ಹಾಲಿನ ಡೈರಿಯ ಲೆಕ್ಕ ಬರೆದದ್ದು, ಯಕ್ಷಗಾನ ಮೇಳಕ್ಕೆ ಟಿಕೆಟು ಮಾರಿದ್ದು, ಎಲ್ಲಾ ಅವನ ಬಾಯಿಂದಲೇ ಹೇಳಲಿ, ಇಬ್ಬರೂ ಕೂತು ಬರೆಯುತ್ತೇವೆ. ಜಾತಿ, ಎತ್ತರ ಬೇಡ. ಹೆಸರನ್ನು ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಮೂರರಲ್ಲೂ ಒಂದೇ ರೀತಿ ಮಾಡಿಸಿಯೇ ರೈಲು ಹತ್ತಲಿ, ಇಲ್ಲಿಂದ ಅದನ್ನು ಸರಿಮಾಡಿಸುವುದು ದೊಡ್ಡ ತಾಪತ್ರಯ. ಮರಾಠಿ ಇಲ್ಲಿ ಬಂದ ಮೇಲೆ ಕಲಿಯಲಿ, ಆದರೆ ಕಲಿಯಲಿ. ಹೊಟೇಲಿನಲ್ಲಿ ದುಡಿದವನಾದರೆ ಯಜಮಾನರ ಹತ್ತಿರ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿಕೊಂಡು ಬರಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಂಥ ಕೆಲಸ, ಸಂಬಳ ಎಷ್ಟು, ಎಲ್ಲಾ ಇರಬೇಕು. ಯಜಮಾನರು ಬರೆದುಕೊಡಲು ಹಿಂದೆಮುಂದೆ ನೋಡಿದರೆ ನನಗೆ ಅವರ ನಂಬರ್ ಕೊಡಿ. ಕುಂದಾಪುರದ ಆ ಹುಡುಗನ ಮನೆಯವರು ಯಾರಾದರೂ ಇದನ್ನು ಓದಿದರೆ, ಅವನ ಪತ್ರ ನಾನೇ ಕಲ್ಯಾಣಕ್ಕೆ ಹೋಗಿ ಬರೆಸಿ ತಂದಿಟ್ಟಿದ್ದೇನೆ ಎಂದು ತಿಳಿಸಿ.